ನಮ್ಮೂರ ಗುಂಡಿ, ರಾಷ್ಟ್ರದ ದತ್ತಾಂಶ

ಸರಕಾರಿ ಕಚೇರಿ ಇರುವ ತನಕ ನಗುವಿಗೆ ಬರ ಬೀಳುವುದಿಲ್ಲ. ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಾಗೇವಾಡಿ, ಈ ನಾಲ್ಕೂ ಕಡೆ ಧರಣಿ ಕೂತವನು ನಾನು. ಬೈದದ್ದೂ ಅಲ್ಲೇ, ನಕ್ಕದ್ದೂ ಅಲ್ಲೇ. ತೊಂಬತ್ತರ ದಶಕದ ಕೊನೆಗೆ ನೆಲದೊಳಗೆ ಎಣ್ಣೆ, ಗ್ಯಾಸು ಹುಡುಕುವ ತಂಡವೊಂದು ನಮ್ಮ ಕಡೆ ಬಂತು. ಅದರ ಬೆನ್ನು ಹತ್ತಿ ತಿರುಗಿದಾಗ ಕಂಡದ್ದಿಷ್ಟು.

ಗುರುವಾರದ ಕಾಯಿ

ಇಂಡಿ, ಸಿಂದಗಿ ನಡುವಿನ ನಮ್ಮೂರ ಹೊರಗೆ ಅವರ ಡೇರೆ ಬಿತ್ತು. ಮುಂದೆ ದೊಡ್ಡ ಬೋರ್ಡು: 'ರಾಷ್ಟ್ರೀಯ ದತ್ತಾಂಶ ಸಂಗ್ರಹ ಶಿಬಿರ'. ನಮ್ಮ ಕಡೆಯವರು ಗಾಣಗಾಪುರದ ದತ್ತನ ಒಕ್ಕಲು. ಗುರುವಾರ ಬೆಳಗಾಗುತ್ತಲೇ ಓಣಿಯ ಹಿರಿಯಜ್ಜಿ ಕಾಯಿ, ಊದಿನಕಡ್ಡಿ ಹಿಡಿದು ಡೇರೆ ಮುಂದೆ ನಿಂತಳು.

"ಇದು ಗುಡಿ ಅಲ್ಲಮ್ಮ. ದತ್ತಾಂಶ ಅಂದರೆ ಮಾಹಿತಿ" ಎಂದರು ಶಿಬಿರದ ಸಾಹೇಬರು. ಅವರು ಬೆಂಗಳೂರು ಕಡೆಯವರು.

"ದತ್ತನ ಅಂಶ ಅಂತ ನೀವ ಬರದೀರಲ್ರಿ."

"ಹಾಗಲ್ಲ. ನಿಮ್ಮ ನೆಲದ ಒಳಗೆ ಏನೇನಿದೆ ಅಂತ ತಿಳಿಸೋದು."

"ನೆಲದಾಗಿಂದು ಮ್ಯಾಲ ಕುಂತ ಹೇಳತೀರಿ. ಮತ್ತ ದೇವರಲ್ಲ ಅಂದ್ರ ಹ್ಯಾಂಗ್ರಿ ಯಪ್ಪಾ?"

ಸಾಹೇಬರು ಕಾಯಿ ಇಸಿದುಕೊಂಡರು. ಮುಂದಿನ ಗುರುವಾರ ನೋಡಿದರೆ ಬೋರ್ಡಿನ ಕೆಳಗೆ ಕಾಯಿ ಒಡೆಯುವ ಕಲ್ಲು ಇಡಿಸಿ, ಜಳಕ ಮಾಡಿಕೊಂಡು ನಿಂತಿದ್ದರು.

ಖಾರದ ಗುಟ್ಟು

ಅವರ ಕೆಲಸ ಹೀಗೆ: ಸಣ್ಣ ಬಾಯಿಯ ಆಳದ ಗುಂಡಿ ಕೊರೆದು ಮದ್ದು ಸಿಡಿಸುವುದು. ನೆಲಕ್ಕೆ ಚುಚ್ಚಿದ ಕಬ್ಬಿಣದ ಕಿವಿಗಳು ಒಳಗಿನ ಮಾರ್ದನಿ ಕೇಳುತ್ತವೆ. ಲಾರಿಯೊಳಗಿನ ಯಂತ್ರ ಅದನ್ನು ಬರೆದಿಡುತ್ತದೆ. ಒಂದು ದಿನ ಮದ್ದು ಸಿಡಿಸುವ ಮೊದಲೇ ಯಂತ್ರ ಗೀಚತೊಡಗಿತು. ಧಡ್, ಧಡ್, ಒಂದೇ ಲಯ. ಸಾಹೇಬರು ಆ ಕಿವಿಗಳ ತಂತಿಯ ಗುಂಟ ಹುಡುಕುತ್ತ ಒಬ್ಬ ಹೆಣ್ಣುಮಗಳ ಹಿತ್ತಲಿಗೆ ಬಂದರು. ಆಕೆ ಒಳ್ಳಿನಲ್ಲಿ ಖಾರ ಕುಟ್ಟುತ್ತಿದ್ದಳು. ಬೆನ್ನಿಗೆ ನಾನೂ ಹೋದೆ.

"ನಿಮ್ಮ ಕುಟ್ಟಿದ ಸದ್ದು ದಾಖಲಾಗಿಬಿಟ್ಟಿದೆ" ಎಂದರು.

"ಅಳಿಸಿ ಒಗೀರಿ."

"ಅಳಿಸೋ ಅಧಿಕಾರ ನಮಗಿಲ್ಲ. ದಾಖಲಾದದ್ದೆಲ್ಲ ರಾಷ್ಟ್ರದ ಸ್ವತ್ತು. ಗುಪ್ತವಾಗಿರಬೇಕು."

ಆಕೆ ಒನಕೆ ಹಿಡಿದೇ ನನ್ನ ಕಡೆ ತಿರುಗಿ ನೋಡಿದಳು. ಮರುದಿನ ಬೀಗರು ಉಂಡು, ಖಾರಕ್ಕೆ ಏನೇನು ಹಾಕಿದಿ ಎಂದು ಕೇಳಿದರಂತೆ. "ಹೇಳಾಕ ಬರೂದಿಲ್ರಿ, ಸರಕಾರದ ಗುಟ್ಟೈತಿ" ಎಂದಳಂತೆ.

ಹಳೇ ಕೊಲ್ಹಾರದ ದಾರಿ

ಡೇರೆ ಕೀಳುವ ದಿನ ಗುಂಡಿ ಕೊರೆಯುವವನು ಚಹಾ ಕುಡಿಯುತ್ತ ಒಂದು ಮಾತು ಹೇಳಿದ. ನಮ್ಮೂರ ಸುತ್ತ ಹೊಡೆದ ನಲವತ್ತು ಗುಂಡಿಗಳಲ್ಲಿ ಒಂದರಲ್ಲಿ ಸಿಹಿನೀರು ಉಕ್ಕಿತ್ತಂತೆ. ನಾನು ಚಹಾದ ಬಶಿ ಕೆಳಗಿಟ್ಟೆ. ನಮ್ಮೂರ ಬಾವಿಗಳೆಲ್ಲ ಸವಳು. ಹೆಣ್ಣುಮಕ್ಕಳು ಸಿಹಿನೀರಿಗೆ ಎರಡು ಮೈಲಿ ಕೊಡ ಹೊರುತ್ತಿದ್ದರು. ಯಾವ ಗುಂಡಿ ಎಂದರೆ ಅವನಿಗೆ ನೆನಪಿಲ್ಲ, ವಹಿಯಲ್ಲಿ ಬರೆದಿದೆ ಎಂದ. ವಹಿ ಸಾಹೇಬರ ಪೆಟ್ಟಿಗೆಯಲ್ಲಿತ್ತು, ಸಾಹೇಬರು ಆಗಲೇ ಮುಂದಿನ ಶಿಬಿರಕ್ಕೆ ಹೊರಟುಹೋಗಿದ್ದರು. ಗುಂಡಿಗಳನ್ನೆಲ್ಲ ಮುಚ್ಚಿ, ಮೇಲೆ ನೇಗಿಲೂ ಹೊಡೆದಾಗಿತ್ತು.

ಬಾಗೇವಾಡಿ ತಾಲೂಕಿಗೆ ಹೋಗಿ ಸಾಹೇಬರನ್ನು ಹಿಡಿದೆ. ವಹಿ ದೇಶದ ರಾಜಧಾನಿಯ ದತ್ತಾಂಶ ಭಂಡಾರ ಸೇರಿದೆ, ಅಲ್ಲಿ ಎಲ್ಲ ಅಚ್ಚುಕಟ್ಟು ಎಂದರು. ಹೇಳುತ್ತಲೇ ಅದೇ ಭಂಡಾರದಿಂದ ಬಂದ ನಕಾಶೆ ಬಿಡಿಸಿ, ಅಣೆಕಟ್ಟಿನ ಹಿನ್ನೀರಿನ ದಂಡೆಯಲ್ಲಿ ಬಲೆ ಒಣಗಿಸುತ್ತಿದ್ದವನನ್ನು ಕೇಳಿದರು: "ಕೊಲ್ಹಾರಕ್ಕೆ ಯಾವ ದಾರಿ? ಇಲ್ಲೇ ತೋರಿಸುತ್ತಿದೆಯಲ್ಲ?"

"ಹಳೇದಕ್ಕೇನ್ರಿ? ನೆಟ್ಟಗ ಹೋಗ್ರಿ. ನೀರು ಮಣಕಾಲಿಗೆ ಬಂದಲ್ಲಿ ಊರ ಅಗಸಿ ಬಾಗಲಾ, ಕುತ್ತಿಗಿಗೆ ಬಂದಲ್ಲಿ ಬಜಾರ."

"ಅಲ್ಲಿಂದ ಮುಂದೆ?"

"ಮುಂದ ಈಜಾಕ ಬರಬೇಕ್ರಿ."

ರಾಷ್ಟ್ರದ ಊಟದ ಹೊತ್ತು

ಅರ್ಜಿ ಬರೆದೆ. ಮತ್ತೆ ಬರೆದೆ. ವರ್ಷಗಳು ಹೋದವು. ಕೊನೆಗೊಂದು ಉತ್ತರ ಬಂತು: 'ಸದರಿ ದತ್ತಾಂಶವು ರಾಷ್ಟ್ರದ ಸಂಪತ್ತಾದ್ದರಿಂದ ಸಾರ್ವಜನಿಕರಿಗೆ ಕೊಡಲಾಗದು.' ಮುದ್ದೇಬಿಹಾಳದ ಧರಣಿಯಲ್ಲಿ ಅದನ್ನು ಮೈಕಿನಲ್ಲಿ ಓದಿ, "ಸಾರ್ವಜನಿಕರು ಬ್ಯಾರೆ, ರಾಷ್ಟ್ರ ಬ್ಯಾರೆ ಏನು? ಆ ರಾಷ್ಟ್ರ ಅನ್ನಾಂವ ಎಲ್ಲಿದಾನ, ಹೊರಗ ಬರಲಿ" ಎಂದು ಕೂಗಿದೆ.

ಬಂದೋಬಸ್ತಿಗೆ ಬಂದಿದ್ದ ಮುದಿ ಪೊಲೀಸ್ ಕಿವಿಯ ಹತ್ತಿರ ಬಂದು ಹೇಳಿದ: "ಊಟಕ್ಕ ಹೋಗ್ಯಾನ. ಮೂರಕ್ಕ ಬರತಾನ. ಅಲ್ಲೀ ಮಟಾ ನೀನೂ ನೆರಳಿಗೆ ಕುಂದ್ರು."

ತೈಲೋದ್ಯಮಿ

ಆ ಉತ್ತರದ ಕೆಳಗೆ ಸಣ್ಣ ಅಕ್ಷರದಲ್ಲಿ ಇನ್ನೊಂದು ಸಾಲಿತ್ತು. ತೈಲೋದ್ಯಮದಲ್ಲಿ ಇರುವವರು ಅರ್ಜಿ ಹಾಕಿದರೆ ಕೂತು ನೋಡಬಹುದು ಎಂದು. ನಮ್ಮೂರ ಗಾಣದ ಕಾಕಾನಿಗೆ ಓದಿ ಹೇಳಿದೆ.

"ಎಣ್ಣಿ ಧಂದೆ ಮಾಡಾವರಿಗೆ ಅಂದ್ರ ನಾ ಯಾರೋ?" ಎಂದ.

ಸುಳ್ಳು ಒಂದೂ ಬರೆಯಲಿಲ್ಲ. ಉದ್ಯಮ: ತೈಲ. ಅನುಭವ: ಮೂರು ತಲೆಮಾರು. ತೈಲದ ಬಗೆ: ಕುಸುಬಿ, ಶೇಂಗಾ. ಮೊದಲ ಸಾಲು ಓದಿದವರು ಮೂರನೆಯದಕ್ಕೆ ಇಳಿಯಲಿಲ್ಲವೋ ಏನೋ, ತಿಂಗಳೊಪ್ಪತ್ತಿನಲ್ಲಿ ಕರೆ ಬಂತು. ಕಾಕಾ ಹೊಸ ಪಟಗ ಸುತ್ತಿ ಹೊರಟ. ನಾನು ಕಾರ್ಯದರ್ಶಿ.

ಭಂಡಾರದ ಅಧಿಕಾರಿ ಎದ್ದು ನಿಂತು ಕುರ್ಚಿ ಕೊಟ್ಟರು. ಅವರೂ ಕನ್ನಡದವರೇ. "ನಿಮ್ಮ ಕಂಪನಿಯಲ್ಲಿ ಯಂತ್ರ ಎಷ್ಟು ಶಕ್ತಿಯದು?"

"ಎರಡೆತ್ತಿಂದ್ರಿ. ಒಂದಕ್ಕ ವಯಸ್ಸಾಗೇತಿ."

ಅಧಿಕಾರಿ ಅದನ್ನೂ ಬರೆದುಕೊಂಡರು. ಆಮೇಲೆ ನಮ್ಮೂರ ವಹಿ ತೆರೆದರು. ಗುಂಡಿಗೊಂದು ಸಾಲು. ಎಣ್ಣೆ ಇಲ್ಲ, ಗ್ಯಾಸ್ ಇಲ್ಲ. ಎಣ್ಣೆ ಇಲ್ಲ, ಗ್ಯಾಸ್ ಇಲ್ಲ. ನಾನು ಬೆರಳಿಟ್ಟು ಇಳಿಯುತ್ತ ಹೋದೆ. ಇಪ್ಪತ್ತೇಳನೆಯ ಗುಂಡಿಯ ಮುಂದೆ ಹೀಗಿತ್ತು: 'ತೊಂಬತ್ತು ಅಡಿಗೆ ಧಾರಾಳ ಸಿಹಿನೀರು. ಷರಾ: ಉಪಯುಕ್ತವಾದದ್ದೇನೂ ಸಿಗಲಿಲ್ಲ. ಮುಚ್ಚಲಾಗಿದೆ.'

ಅಧಿಕಾರಿ ಮುಖ ಸಣ್ಣದು ಮಾಡಿದರು. "ಕ್ಷಮಿಸಿ ಯಜಮಾನರೇ, ಅಷ್ಟು ದೂರದಿಂದ ಬಂದಿದ್ದೀರಿ. ನಿಮ್ಮೂರಲ್ಲಿ ಎಣ್ಣೆ ಇಲ್ಲ."

"ಎಣ್ಣಿ ನಮ್ಮ ಮನ್ಯಾಗ ಐತ್ರಿ ಸಾಹೇಬ್ರ" ಎಂದ ಕಾಕಾ. "ಆ ಉಪಯೋಗಿಲ್ಲದ್ದು ಯಾರ ಹೊಲದಾಗ ಐತಿ, ಅಷ್ಟು ಹೇಳ್ರಿ."