ಮೊದಲ ಎಲೆ ಅಜ್ಜಿಯದು

ನಮ್ಮ ಅಜ್ಜಿಯಂಥ ಹೊಟ್ಟೆಬಾಕಿ ನಮ್ಮ ಪಕ್ಕದ ಮಧುರೆಯಿಂದ ದೊಡ್ಡಬಳ್ಳಾಪುರದವರೆಗೆ ಹುಡುಕಿದರೂ ಸಿಗುವುದಿಲ್ಲ ಎಂದು ನಂಬಿದ್ದವರು ಬಹಳ ಜನ. ನಂಬದೆ ಏನು ಮಾಡಿಯಾರು, ಪಾಪ! ಯಾರ ಮನೆಯ ಮದುವೆಯೇ ಇರಲಿ, ಬೀಗರು ಇನ್ನೂ ಕೈಕಾಲು ತೊಳೆಯುತ್ತಿರುವಾಗಲೇ ಚಪ್ಪರದ ನಡುವೆ ಒಂದೇ ಒಂದು ಮುತ್ತುಗದೆಲೆ ಹಾಕಿಸಿಕೊಂಡು, ಒಬ್ಬಳೇ ಕುಳಿತು ಲಾಡು ಮುರಿಯುವ ಮುದುಕಿಯನ್ನು ಕಂಡರೆ ನೀವಾದರೂ ಏನೆಂದುಕೊಳ್ಳುತ್ತೀರಿ? ಆದರೆ ಅವಳ ಸೆರಗು ಹಿಡಿದು ಬೆಳೆದ ಮೊಮ್ಮಗ ನಾನು, ನನ್ನ ಮಾತು ಕೇಳಿ. ಅವಳು ತಿನ್ನುತ್ತಿದ್ದುದು ಕೋಳಿ ಕುಕ್ಕಿದಷ್ಟು. ಅವಳ ನಿಜವಾದ ಗುಣವೇ ಬೇರೆ. ಅವಳು ಪುಕ್ಕಲಿ. ಊರಿಗೇ ದೊಡ್ಡ ಪುಕ್ಕಲಿ!

ಗುಡುಗಿಗೆ ಹೆದರುತ್ತಿದ್ದಳು, ಹಲ್ಲಿಗೆ ಹೆದರುತ್ತಿದ್ದಳು, ಪೊಲೀಸಿನವರಿಗೆ ಹೆದರುತ್ತಿದ್ದಳು, ಪೊಲೀಸಿನವರಂತೆ ಖಾಕಿ ಹಾಕಿದ ಪೋಸ್ಟಿನವನಿಗೂ ಹೆದರುತ್ತಿದ್ದಳು. ಬಸ್ಸು ಹತ್ತಿದಳೆಂದರೆ ಕಣ್ಣು ಮುಚ್ಚಿದಳೆಂದೇ ಲೆಕ್ಕ. ಇಳಿಸಿದ ಮೇಲೆ ಬಿಡುತ್ತಿದ್ದಳು. ಹಾಗಾಗಿ ದೊಡ್ಡಬಳ್ಳಾಪುರದ ದಾರಿ ಹೇಗಿದೆಯೆಂದು ಅವಳಿಗೆ ಕೊನೆಯವರೆಗೂ ತಿಳಿಯಲಿಲ್ಲ.

ಇಂಥವಳು ಹೊಸದೇನೇ ಬಂದರೂ ಊರಿಗೆಲ್ಲ ಮೊದಲು ತಾನು ಮುಂದೆ ಹೋಗಿ ನಿಲ್ಲುತ್ತಿದ್ದಳು! ಊಟವಿರಲಿ, ಔಷಧಿಯಿರಲಿ, ಹೊಸ ಬೋರಿನ ನೀರಿರಲಿ, ಮೊದಲು ಅವಳ ಬಾಯಿಗೆ ಬೀಳಬೇಕು. ಮದುವೆ ಊಟದಲ್ಲಿ ಪ್ರತಿಯೊಂದನ್ನೂ ಒಂದೊಂದು ತುತ್ತು ತಿಂದು, ಕೈ ತೊಳೆದು, ಚಪ್ಪರದ ಕಂಬಕ್ಕೆ ಒರಗಿ ಕೂರುವಳು. ಆಮೇಲೆ ಊರಿಗೆ ಊರೇ ಕಾಯಬೇಕು. ಅವಳಿಗೆ ಏನಾದರೂ ಆಗುತ್ತದೋ ಇಲ್ಲವೋ ನೋಡಬೇಕು! ಏನೂ ಆಗಲಿಲ್ಲವೆಂದು ತನಗೇ ಖಾತ್ರಿಯಾದ ಮೇಲೆ, ಸೊಂಟಕ್ಕೆ ಸಿಕ್ಕಿಸಿದ ಎಲೆಅಡಿಕೆ ಚೀಲ ಬಿಚ್ಚಿ, ಒಂದು ಎಲೆಗೆ ಸುಣ್ಣ ಸವರಿ ಬಾಯಿಗೆ ಹಾಕಿಕೊಳ್ಳುವಳು. ಅದೇ ಗುರುತು. ಆಗ ಅವಳ ಬಾಯಿಂದ ಬರುತ್ತಿದ್ದುದು ಒಂದೇ ಮಾತು.

"ಏನೂ ಇಲ್ಲ, ಬನ್ರಪ್ಪಾ!"

ಅದೂ ದೊಡ್ಡವರಿಗೆ ಮಾತ್ರ. ಲೋಕದಲ್ಲೆಲ್ಲ ಮಕ್ಕಳಿಗೆ ಮೊದಲ ಪಂಕ್ತಿ, ನಮ್ಮೂರಿನಲ್ಲಿ ಕೊನೆಯ ಪಂಕ್ತಿ. ಇದು ಯಾವ ನ್ಯಾಯ ಎಂದು ನಾವು ಹುಡುಗರು ಹೊಟ್ಟೆ ಹಿಡಿದುಕೊಂಡು ಎಷ್ಟೋ ಸಲ ಅತ್ತಿದ್ದೇವೆ. ಊರಿನ ದೊಡ್ಡವರಾದರೂ ಕೇಳಬಹುದಿತ್ತಲ್ಲ? ಯಾರು ಕೇಳುತ್ತಾರೆ! ಹೆರಿಗೆಯ ಮನೆಗೆ ಬಿಸಿನೀರು ಕಾಯಿಸಲು, ಸಾವಿನ ಮನೆಗೆ ಗಂಜಿ ಹೊರಲು, ಅಣ್ಣತಮ್ಮಂದಿರ ಜಗಳದ ನಡುವೆ ನಿಲ್ಲಲು ಮೊದಲು ಓಡುತ್ತಿದ್ದವಳೂ ಅವಳೇ. ಅವಳು ಲೋಕಕ್ಕೆಲ್ಲ ಹೆದರುತ್ತಿದ್ದಳು, ಊರು ಅವಳೊಬ್ಬಳಿಗೆ ಹೆದರುತ್ತಿತ್ತು.

ಎಲ್ಲರಿಗಿಂತ ಹೆಚ್ಚು ಹೆದರುತ್ತಿದ್ದವರು ಅಡುಗೆಯವರು. ಒಂದು ಮದುವೆಯಲ್ಲಿ ಕಂಬಕ್ಕೆ ಒರಗಿ ಕೂತ ಅಜ್ಜಿಗೆ ಬಿಕ್ಕಳಿಕೆ ಬಂತು. ಒಂದೇ ಒಂದು ಬಿಕ್ಕಳಿಕೆ! ಚಪ್ಪರಕ್ಕೆ ಚಪ್ಪರವೇ ಎದ್ದು ನಿಂತಿತು. ಹುಡುಗಿಯ ತಾಯಿ ಎದೆ ಹಿಡಿದುಕೊಂಡಳು. ಅಡುಗೆಯವನು ಸೌಟು ಎಸೆದು ಕೆರೆ ಏರಿಯ ಕಡೆ ಓಟ ಕಿತ್ತ. ನಾಲ್ಕು ಜನ ಬೆನ್ನಟ್ಟಿ ಅವನನ್ನು ಹಿಡಿದು ತರುವಷ್ಟರಲ್ಲಿ ಅಜ್ಜಿ ನೀರು ಕುಡಿದು, ಎಲೆಅಡಿಕೆ ಅಗಿಯುತ್ತ ಕೂತಿದ್ದಳು.

"ಓಡೋದ್ಯಾಕಪ್ಪಾ? ಸಾರಿಗೆ ಖಾರ ಒಸಿ ಜಾಸ್ತಿ ಆಗೈತೆ, ಅಷ್ಟೇಯ."

ಈಗ ಹೇಳುವಾಗ ನನಗೂ ನಗು ಬರುತ್ತದೆ. ಆಗ ಬರುತ್ತಿರಲಿಲ್ಲ. ಎಲ್ಲರೂ ಪಾಯಸದ ಕೊಳಗ ನೋಡುತ್ತಿದ್ದರೆ ನಾನು ಅವಳ ಮುಖ ನೋಡುತ್ತಿದ್ದೆ. ಬೆವರಿದಳೇ? ರೆಪ್ಪೆ ಬಡಿಯುತ್ತಿದ್ದಾಳೆಯೇ? ಅವಳು ಹಾಗೇ ಪಕ್ಕಕ್ಕೆ ವಾಲಿಬಿಟ್ಟರೆ? ತಾಯಿಯಿಲ್ಲದ ನನಗೆ ಮಗ್ಗುಲಲ್ಲಿ ಮಲಗಿಸಿಕೊಳ್ಳಲು ಇದ್ದವಳು ಅವಳೊಬ್ಬಳೇ. ಚೀಲದ ದಾರ ಬಿಚ್ಚುವವರೆಗೆ ನನ್ನ ಹೊಟ್ಟೆಯಲ್ಲಿ ಹಸಿವು ಇರುತ್ತಿರಲಿಲ್ಲ, ಬರಿಯ ಭಯ ಇರುತ್ತಿತ್ತು.

ನಾನು ಶಾಲೆಗೆ ಹೋಗುತ್ತಿದ್ದ ಕಾಲದಲ್ಲಿ ಊರಿಗೆ ಕರೆಂಟು ಬಂತು. ತಂತಿ ಎಳೆದವನು ನಮ್ಮ ಮನೆಯ ಗೋಡೆಗೆ ಕಪ್ಪು ಸ್ವಿಚ್ಚು ಕೂರಿಸಿ, "ಒತ್ತಿ ಯಾರಾದ್ರೂ" ಎಂದ. ಯಾರು ಒತ್ತುತ್ತಾರೆ? ಎಲ್ಲರೂ ಅಜ್ಜಿಯ ಕಡೆ ನೋಡಿದರು. ಅವಳು ಗಡಗಡ ನಡುಗುತ್ತ ಮರದ ಮಣೆಯ ಮೇಲೆ ಹತ್ತಿ ನಿಂತಳು. ಕರೆಂಟು ಹಿಡಿದವರನ್ನು ಒಣಮರದಲ್ಲಿ ಹೊಡೆದು ಬಿಡಿಸಬೇಕೆಂದು ಯಾರೋ ಹೇಳಿದ್ದರಿಂದ, ನಮ್ಮ ಚಿಕ್ಕಪ್ಪನ ಕೈಗೆ ಒನಕೆ ಕೊಟ್ಟು ಪಕ್ಕದಲ್ಲಿ ನಿಲ್ಲಿಸಿದಳು.

"ನಾನು ಅಂಟ್ಕಂಡ್ರೆ ಕೈಯಲ್ಲಿ ಮುಟ್ಬ್ಯಾಡ. ಒನಕೇಲಿ ಹೊಡಿ."

"ಎಲ್ಲಿಗೆ ಹೊಡೀಲವ್ವಾ?"

"ಮಂಡೆಗೆ ಮಾತ್ರ ಬ್ಯಾಡ ಕಣ್ಲಾ, ಮುಂಡೇದೆ!"

ಕಣ್ಣು ಮುಚ್ಚಿ, ಶಿವನನ್ನು ಕರೆದು, ಒತ್ತಿದಳು. ಬಲ್ಬು ಹತ್ತಿತು. ಆ ಬೆಳಕಿಗೆ ಅವಳು "ಅಯ್ಯಯ್ಯೋ!" ಎಂದು ಕಿರುಚಿ ಮಣೆಯಿಂದ ಹಾರಿದಳು. ಚಿಕ್ಕಪ್ಪ ಹಿಂದೆಮುಂದೆ ನೋಡದೆ ಒನಕೆ ಬೀಸಿದ. ಪುಣ್ಯಕ್ಕೆ ಅದು ಮಜ್ಜಿಗೆಯ ಗಡಿಗೆಗೆ ಬಿತ್ತು. ನಮ್ಮ ಮನೆಯಲ್ಲಿ ಕರೆಂಟಿನ ಬೆಳಕಿನಲ್ಲಿ ಮೊಟ್ಟಮೊದಲು ಕಂಡದ್ದೆಂದರೆ ನೆಲದ ತುಂಬ ಹರಿಯುತ್ತಿದ್ದ ಮಜ್ಜಿಗೆ! ಅಜ್ಜಿ ಆ ಮಜ್ಜಿಗೆಯ ನಡುವೆಯೇ ಕುಕ್ಕರಿಸಿ, ನಡುಗುವ ಕೈಯಿಂದ ಎಲೆಗೆ ಸುಣ್ಣ ಹಚ್ಚಿದಳು. ಏನೂ ಇಲ್ಲ, ಬನ್ರಪ್ಪಾ. ಅದಾದ ಮೇಲೆ ಅಕ್ಕಪಕ್ಕದ ಮನೆಯವರು ತಮ್ಮ ತಮ್ಮ ಸ್ವಿಚ್ಚು ಒತ್ತಿದರು.

ಇನ್ನೊಮ್ಮೆ ಕಾಲರಾ ಸೂಜಿ ಹಾಕುವವರು ಬಂದರು. ಅವರ ಪೆಟ್ಟಿಗೆ ಕಂಡದ್ದೇ ತಡ, ಊರಿನ ಗಂಡಸರೆಲ್ಲ ರಾಗಿ ಹೊಲದಲ್ಲಿ ಮಾಯ. ಅಜ್ಜಿ ಒಬ್ಬಳೇ ಬಂದು ತೋಳು ಚಾಚಿದಳು.

"ಬಿರ್ರನೆ ಚುಚ್ಚಪ್ಪಾ, ನಾನೂ ಓಡೋಗೋಕೆ ಮುಂಚೆ."

ಅವರು ಚುಚ್ಚಿದರು. "ಇನ್ನು ಎಲ್ರನ್ನೂ ಕರೀರಿ ಅಜ್ಜಿ, ನಾವು ಸಂಜೆ ಬಸ್ಸಿಗೆ ವಾಪಸ್ ಹೋಗ್ಬೇಕು" ಎಂದರು.

"ಹೋಗ್ಬನ್ನಿ. ನಾಳೀಕೆ ನಾನಿದ್ರೆ ಅವರಿಗೆಲ್ಲ ಹಾಕೀರಂತೆ."

ಮಾರನೆಯ ದಿನ ಅವಳಿದ್ದಳು. ಊರೆಲ್ಲ ಸೂಜಿ ಹಾಕಿಸಿಕೊಂಡಿತು. ನಡುವಿನ ಆ ರಾತ್ರಿಯಿಡೀ ಜ್ವರದಲ್ಲಿ ಮಲಗಿದ್ದ ಅವಳ ಮೂಗಿನ ಹತ್ತಿರ ಬೆರಳಿಟ್ಟು ಉಸಿರು ನೋಡುತ್ತ ಕೂತ ನನ್ನ ಗತಿಯನ್ನು ಮಾತ್ರ ಯಾರೂ ಕೇಳಲಿಲ್ಲ.

ಇದೆಲ್ಲ ನಮ್ಮೂರಿನಲ್ಲಿ ನಡೆಯಿತು. ಹೊರಗಿನವರ ಹತ್ತಿರ ನಡೆಯಬೇಕಲ್ಲ? ನನ್ನ ಸೋದರತ್ತೆಯ, ಅಂದರೆ ಅಜ್ಜಿಯ ಕಿರಿಮಗಳ ಮದುವೆ ಕುಂದಾಣದ ಕಡೆ ಗೊತ್ತಾಯಿತು. ಗಂಡಿನ ಕಡೆಯವರು ನಮ್ಮೂರಿಗೆ ಗಾಡಿಗಳಲ್ಲಿ ಬಂದರು. ಧಾರೆ ಮುಗಿದು, ಅಜ್ಜಿ ಒಳಗೆ ಮಗಳ ಮಡಿಲಕ್ಕಿ ಕಟ್ಟುತ್ತಿದ್ದಾಗ, ಹೊರಗೆ ಗಂಡಿನ ಸೋದರಮಾವ ತಮ್ಮ ಪದ್ಧತಿಯಂತೆ ಮಕ್ಕಳನ್ನೆಲ್ಲ ಮೊದಲ ಪಂಕ್ತಿಗೆ ಕೂರಿಸಿಬಿಟ್ಟ. ಇಂಥ ಅವಕಾಶ ಬಿಟ್ಟೇನೆಯೇ? ನಾನೂ ಅವರ ನಡುವೆ ನುಸುಳಿ ಕೂತೆ. ಲಾಡು ಬಾಯಿಯ ಹತ್ತಿರ ಬಂದಿತ್ತು. ಎಲ್ಲಿದ್ದಳೋ, ಹಾರಿ ಬಂದ ಅಜ್ಜಿ ನನ್ನ ಕೈಗೆ ರಪ್ಪನೆ ಹೊಡೆದಳು. ಲಾಡು ಚೂರುಚೂರು. ಆಮೇಲೆ ಬೀಗರ ಮಕ್ಕಳ ರಟ್ಟೆ ಹಿಡಿದು ಒಂದೊಂದನ್ನೇ ಎಲೆಯ ಮುಂದಿನಿಂದ ಎಬ್ಬಿಸತೊಡಗಿದಳು. ಮಕ್ಕಳೆಲ್ಲ ಒಟ್ಟಿಗೆ ಅಳಲು ಶುರುಮಾಡಿದವು.

ಸೋದರಮಾವನ ಮೀಸೆ ಕುಣಿಯಿತು. "ಏನಮ್ಮಾ ಇದು? ಎಲೆ ಮುಂದೆ ಕುಂತ ಮಕ್ಳನ್ನ ಎಬ್ಸೋದಾ? ಅಷ್ಟೊಂದು ಹಸ್ದಿದ್ದೀರಾ? ಇಂಥವರ ಮನೆ ಹೆಣ್ಣು ನಮಗ್ಯಾಕೆ? ಲೇ, ಗಾಡಿ ಕಟ್ರಲೇ!"

ಒಳಗಿನಿಂದ ಅತ್ತೆಯ ಅಳು ಕೇಳಿಸಿತು. ಓಲಗದವರು ವಾದ್ಯ ಕೆಳಗಿಟ್ಟರು. ಅಜ್ಜಿ ಮಾತ್ರ ನಡುಗುತ್ತಲೇ ಒಂದು ಎಲೆಯ ಮುಂದೆ ಕೂತು ಅನ್ನ ಕಲೆಸತೊಡಗಿದಳು. ಮಗಳ ಮದುವೆ ಮುರಿದರೂ ಏಳುವವಳಲ್ಲ ಅವಳು! ಆಗ ನಮ್ಮಪ್ಪ ಮುಂದೆ ಬಂದ. ಹತ್ತು ಮಾತಿಗೆ ಒಂದು ಮಾತಾಡುವ ಮನುಷ್ಯ.

"ನಮಗೆ ಮುಂಚೆ ಒಬ್ಳು ಅಕ್ಕ ಇದ್ಲು ಸ್ವಾಮಿ" ಎಂದ. "ನಮ್ಮ ಸಂಬಂಧಿಕರ ಒಂದು ಮದುವೇಲಿ ಕಲಾಯಿ ಹೋದ ತಾಮ್ರದ ಹಂಡೇಲಿ ಹುಳಿಸಾರು ಮಾಡಿದ್ರಂತೆ, ಕಿಲುಬು ಇಳಿದು ಸಾರೆಲ್ಲ ವಿಷ ಆಗಿತ್ತಂತೆ. ಮಕ್ಳು ಹಸ್ದವೆ, ಮೊದ್ಲು ಅವಕ್ಕೆ ಬಡ್ಸಿ ಅಂತ ಹೇಳಿದ್ದು ನಮ್ಮವ್ವನೇ. ದೊಡ್ಡವರು ಎಲೆ ಮುಂದೆ ಕೂರೋಕೆ ಮುಂಚೆ ಮಕ್ಳೆಲ್ಲ ವಾಂತಿ ಮಾಡ್ಕೊಂಡು ಬಿದ್ವು. ಮಿಕ್ಕ ಮಕ್ಳು ಉಳ್ಕೊಂಡ್ವು. ನಮ್ಮಕ್ಕ ಉಳೀಲಿಲ್ಲ."

ನನಗಂತೂ ಅಂದೇ ಗೊತ್ತಾದದ್ದು. ಸೋದರಮಾವ ನೆಲದ ಮೇಲೆ ಕೂತು, ಅಳುತ್ತಿದ್ದ ಎರಡು ಮಕ್ಕಳನ್ನು ತೊಡೆಯ ಮೇಲೆ ಎಳೆದುಕೊಂಡ. ಅವನೂ ಈಗ ನನ್ನಂತೆಯೇ ಅಜ್ಜಿಯ ಮುಖವನ್ನೇ ನೋಡುತ್ತಿದ್ದ. ಅವನ ಹಣೆಯಲ್ಲೂ ಬೆವರು. ಕೊನೆಗೆ ಅಜ್ಜಿ ಚೀಲದ ದಾರ ಬಿಚ್ಚಿದಾಗ ಎಲ್ಲರಿಗಿಂತ ಜೋರಾಗಿ ನಿಟ್ಟುಸಿರು ಬಿಟ್ಟವನೂ ಅವನೇ. ಮುಂದಿನ ವರ್ಷಗಳಲ್ಲಿ ಕುಂದಾಣದ ಮದುವೆಗಳಿಗೂ ಅವನೇ ಗಾಡಿ ಕಳಿಸಿ ಅವಳನ್ನು ಕರೆಸಿಕೊಳ್ಳುತ್ತಿದ್ದ. ಅಜ್ಜಿ ಬರುತ್ತಾಳೆಂದರೆ ಸಾಕು, ಸುತ್ತಮುತ್ತಲಿನ ಅಡುಗೆಯವರು ಹಂಡೆಗೆ ಕಲಾಯಿ ಹಾಕಿಸದೆ ಒಲೆ ಹೊತ್ತಿಸುತ್ತಿರಲಿಲ್ಲ.

ನನ್ನ ಭಯ ಮಾತ್ರ ಅಂದಿನಿಂದ ಇಮ್ಮಡಿಯಾಯಿತು. ಒಂದು ತುತ್ತಿನಲ್ಲಿ ಸಾವು ಇರಬಹುದೆಂಬುದು ಈಗ ಕಥೆಯಾಗಿ ಉಳಿದಿರಲಿಲ್ಲ. ಬೇಡ ಎಂದು ಗೋಗರೆದೆ. "ನಾನಿರೋದೇ ಅದಕ್ಕೆ ಕಣಪ್ಪಾ" ಎಂದು ತಲೆ ಸವರಿ, ಎದ್ದು ಹೋಗಿ ಇನ್ನೊಬ್ಬರ ಮನೆಯ ಎಲೆಯ ಮುಂದೆ ಕೂತಳು.

ಎಪ್ಪತ್ತರ ದಶಕ ಮುಗಿಯುವ ಹೊತ್ತಿಗೆ ಅವಳಿಗೆ ಎಷ್ಟು ವಯಸ್ಸಾಗಿತ್ತೋ, ಅವಳಿಗೂ ಗೊತ್ತಿರಲಿಲ್ಲ. ಹಾಸಿಗೆ ಹಿಡಿದಳು. ದೊಡ್ಡಬಳ್ಳಾಪುರದ ಡಾಕ್ಟರು ನೋಡಿ, ಇನ್ನು ಔಷಧಿ ಬೇಡ ಎಂದು ಹೇಳಿಹೋದರು. ಆ ಮಧ್ಯಾಹ್ನ ಊರೆಲ್ಲ ನಮ್ಮ ಜಗಲಿಯ ಮೇಲೆ ಸೇರಿತ್ತು. ಕುಂದಾಣದ ಸೋದರಮಾವನೂ ಕೋಲೂರಿಕೊಂಡು ಬಂದಿದ್ದ. ಮದುವೆ ಚಪ್ಪರದಲ್ಲಿ ಕಾಯುತ್ತಿದ್ದಂತೆಯೇ ಎಲ್ಲರೂ ಕಾಯುತ್ತಿದ್ದರು. ನಾನು ಅವಳ ಕೈ ಹಿಡಿದು ಕೂತಿದ್ದೆ. ಸ್ವಿಚ್ಚಿನ ಮುಂದೆ ನಿಂತ ದಿನ ನಡುಗಿದಂತೆಯೇ ಆ ಕೈ ನಡುಗುತ್ತಿತ್ತು.

"ಭಯ ಆಯ್ತದಾ ಅಜ್ಜಿ?"

"ಆಯ್ತದೆ ಕಣಪ್ಪಾ. ಯಾವತ್ತು ಆಗಿರ್ನಿಲ್ಲ?" ಎಂದಳು. "ನನ್ನ ಚೀಲ ಕೊಡು."

ಹಲ್ಲಿರಲಿಲ್ಲವಾದ್ದರಿಂದ ನಾನು ಎಲೆಅಡಿಕೆಯನ್ನು ಚಿಕ್ಕ ಕುಟ್ಟಾಣಿಯಲ್ಲಿ ಕುಟ್ಟಿದೆ. ಚಿಟಿಕೆಯಷ್ಟು ಅವಳ ಕೆನ್ನೆಯೊಳಗೆ ಇಟ್ಟೆ. ಅವಳು ಕಣ್ಣು ತೆರೆದು, ಬಾಗಿಲಲ್ಲಿ ತುಂಬಿಕೊಂಡಿದ್ದ ಮುಖಗಳನ್ನೆಲ್ಲ ನೋಡಿದಳು.

"ಏನೂ ಇಲ್ಲ..." ಎಂದಳು.

ಬನ್ರಪ್ಪಾ ಎನ್ನಲು ಬಾಯಿ ತೆರೆದವಳು ಅಲ್ಲೇ ತಡೆದಳು. ಬಾಗಿಲ ಬಳಿ ಅಮ್ಮಂದಿರ ಸೆರಗು ಹಿಡಿದು ನಿಂತಿದ್ದ ಚಿಕ್ಕವರ ಮೇಲೆ ಅವಳ ಕಣ್ಣು ನಿಂತಿತು.

"ದೊಡ್ಡೋರು ನಿಧಾನಕ್ಕೆ ಬನ್ನಿ. ಮಕ್ಳು ಎಲ್ಲರಿಗಿಂತ ಕೊನೇಲಿ."