ಪುದೀನಕ್ಕೆ ನಾನು ಮಾಡಿದ ಸೇವೆ

ನಾನು ನಂಬಿಕಸ್ಥ ಮನುಷ್ಯ. ಇದನ್ನು ನಾನೇ ಹೇಳಿಕೊಳ್ಳುವುದು ಚೆನ್ನಾಗಿರುವುದಿಲ್ಲ ಎಂದು ಗೊತ್ತು. ಆದರೆ ಬೇರೆ ಯಾರಾದರೂ ಹೇಳಲಿ ಎಂದು ಕಾದು ಕಾದು ನನಗೆ ಐವತ್ತೆರಡು ವರ್ಷವಾಯಿತು. ದುಬೈಯಲ್ಲಿ ನಂಬಿಕಸ್ಥರು ಯಾರು ಎಂದು ತಿಳಿಯುವುದು ಜುಲೈ ತಿಂಗಳಲ್ಲಿ. ಶಾಲೆಗೆ ರಜೆ ಬಿದ್ದದ್ದೇ ತಡ, ಊದ್ ಮೇಥಾದ ನಮ್ಮ ಕಟ್ಟಡದ ಅರ್ಧ ಮನೆಗಳವರು ಸೂಟ್‌ಕೇಸು ಎಳೆದುಕೊಂಡು ಊರಿಗೆ ಹೊರಟುಬಿಡುತ್ತಾರೆ. ರಜೆ ಸಿಗದ ನನ್ನಂಥವರು ಉಳಿಯುತ್ತೇವೆ. ಹೋಗುವವರು ಉಳಿಯುವವರಲ್ಲಿ ಒಬ್ಬನನ್ನು ಆರಿಸಿ, ಮನೆಯ ಕೀ ಕೊಟ್ಟು, ಗಿಡಕ್ಕೆ ನೀರು ಹಾಕಲು ಹೇಳುತ್ತಾರೆ. ಕಳೆದ ಬೇಸಿಗೆಯಲ್ಲಿ ನನ್ನ ಹೆಂಡತಿ ಸುಜಾತ ಮಕ್ಕಳನ್ನು ಕರೆದುಕೊಂಡು ಉಡುಪಿಗೆ ಹೋದ ಮರುದಿನವೇ ಎದುರು ಮನೆಯ ಜೊಹರಾಕ್ಕ ತಮ್ಮ ಕೀ ನನ್ನ ಕೈಯಲ್ಲಿಟ್ಟು, ಗಂಡನ ಜೊತೆ ಉಳ್ಳಾಲಕ್ಕೆ ಹೊರಟರು. ಕಟ್ಟಡದಲ್ಲಿ ಇನ್ನೂ ಏಳೆಂಟು ಗಂಡಸರಿದ್ದರು. ಕೀ ಬಂದದ್ದು ನನಗೆ.

ಜೊಹರಾಕ್ಕನ ಮನೆಯಲ್ಲಿ ಇರುವುದು ಒಂದೇ ಗಿಡ: ಅಡುಗೆಮನೆಯ ಕಿಟಕಿಯ ಬಳಿ ಒಂದು ಕುಂಡ ಪುದೀನ. ಇದನ್ನು ಹಗುರವಾಗಿ ತೆಗೆದುಕೊಳ್ಳಬೇಡಿ. ಮದುವೆಯಾಗಿ ಇಲ್ಲಿಗೆ ಬರುವಾಗ ಅವರ ತಾಯಿ, ಅವರ ಮಾತಿನಲ್ಲಿ ಉಮ್ಮ, ಒದ್ದೆ ಕಾಗದದಲ್ಲಿ ಸುತ್ತಿ ಕೊಟ್ಟ ನಾಲ್ಕು ದಂಟಿನಿಂದ ಆದ ಗಿಡ ಅದು. ಮೂರು ಬಾಡಿಗೆ ಮನೆ ಬದಲಾಯಿಸಿದಾಗಲೂ ಅವರು ಆ ಕುಂಡವನ್ನು ಲಾರಿಗೆ ಹಾಕದೆ ತೊಡೆಯ ಮೇಲಿಟ್ಟುಕೊಂಡೇ ಬಂದರಂತೆ. ತಾಯಿ ತೀರಿಕೊಂಡು ಬಹಳ ವರ್ಷವಾಯಿತು. ಪುದೀನ ಚಿಗುರುತ್ತಲೇ ಇದೆ. ಶುಕ್ರವಾರದ ಅವರ ಬಿರಿಯಾನಿಗೆ ಬೀಳುವುದು ಅದೇ ಸೊಪ್ಪು, ಆ ಬಿರಿಯಾನಿಯ ಒಂದು ಡಬ್ಬ ತಪ್ಪದೆ ನಮ್ಮ ಮನೆಗೆ ಬರುತ್ತದೆ.

ಬರೀ ನೀರು ಹಾಕಿ ಬರುವುದು ಯಾರಾದರೂ ಮಾಡುವ ಕೆಲಸ. ಕೀ ಕೊಟ್ಟವರಿಗೆ ಆಯ್ಕೆ ಸಾರ್ಥಕ ಅನ್ನಿಸಬೇಡವೇ? ಈ ಊರಿನ ಧೂಳು ಎಂಥದ್ದೆಂದರೆ ಕಿಟಕಿ ಮುಚ್ಚಿದ್ದರೂ ಒಳಗೆ ಬಂದು ಕೂತಿರುತ್ತದೆ. ದಿನಾ ಬೆಳಿಗ್ಗೆ ಆಫೀಸಿಗೆ ಹೋಗುವ ಮೊದಲು ನಾನು ಒಂದು ಒದ್ದೆ ಬಟ್ಟೆ ಹಿಡಿದು ಮೊದಲು ನಮ್ಮ ಮನೆಯ ತುಳಸಿಯ ಎಲೆಗಳನ್ನು ಒರೆಸುತ್ತಿದ್ದೆ. ಅದರ ಮೇಲೆ ಬಿಳಿ ಬಿಳಿ ಚುಕ್ಕಿಯ ಧೂಳು ಎಷ್ಟು ಒರೆಸಿದರೂ ಹೋಗುತ್ತಿರಲಿಲ್ಲ. ಆಮೇಲೆ ಅದೇ ಬಟ್ಟೆ ಹಿಡಿದು ಎದುರು ಮನೆಗೆ ಹೋಗಿ ಪುದೀನದ ಒಂದೊಂದು ಎಲೆಯನ್ನೂ ಮಗುವಿನ ಕೆನ್ನೆಯ ಹಾಗೆ ಒರೆಸುತ್ತಿದ್ದೆ. ಹೆತ್ತ ಮಕ್ಕಳಿಗೂ ನಾನು ಇಷ್ಟು ಮಾಡಿದವನಲ್ಲ.

ಮೂರನೆಯ ವಾರ ಪುದೀನದ ಬಣ್ಣ ಇಳಿಯಿತು. ಎಲೆಯ ತುಂಬ ಹಳದಿ ಚುಕ್ಕಿ. ಎಲೆಯಿಂದ ಎಲೆಗೆ ಕಂಡೂ ಕಾಣದಂಥ ನೂಲು. ನಾನು ಕೆಲಸ ಮಾಡುವುದು ಸರಕು ಸಾಗಣೆಯ ಕಾಗದಪತ್ರಗಳ ವಿಭಾಗದಲ್ಲಿ, ಹಾಗಾಗಿ ಬಿಳಿ ಕಾಗದಕ್ಕೆ ನನ್ನಲ್ಲಿ ಬರವಿಲ್ಲ. ಒಂದು ಹಾಳೆ ಹಿಡಿದು ಅದರ ಮೇಲೆ ದಂಟನ್ನು ತಟ್ಟಿದೆ. ಉದುರಿದ ಪುಡಿಯಲ್ಲಿ ಹತ್ತಾರು ಚುಕ್ಕಿಗಳು ನಿಧಾನವಾಗಿ ನಡೆಯತೊಡಗಿದವು. ಇಪ್ಪತ್ತು ವರ್ಷದ ಸರ್ವಿಸಿನಲ್ಲಿ ಪೂರ್ಣವಿರಾಮಗಳು ಎದ್ದು ನಡೆದದ್ದನ್ನು ನಾನು ಕಂಡಿರಲಿಲ್ಲ. ಊರಿನಲ್ಲಿ ತೆಂಗಿಗೆ ನುಸಿ ಬಂದಾಗ ದೊಡ್ಡವರು ತಲೆಯ ಮೇಲೆ ಕೈಹೊತ್ತು ಕೂತದ್ದು ನೆನಪಾಗಿ ನನಗೆ ನಿಜವಾಗಿ ಭಯವಾಯಿತು. ಜೊಹರಾಕ್ಕ ಬರುವುದಕ್ಕೆ ಐದು ವಾರ ಉಳಿದಿತ್ತು.

ಒಂದು ದಂಟನ್ನು ಪ್ಲಾಸ್ಟಿಕ್ಕಿನಲ್ಲಿ ಕಟ್ಟಿಕೊಂಡು ಗಿಡದ ಅಂಗಡಿಗೆ ಓಡಿದೆ. ಅಂಗಡಿಯ ಪಠಾಣ ಅದನ್ನು ಮುಟ್ಟಲೂ ಇಲ್ಲ. "ಖಲಾಸ್ ಭಾಯಿ. ಫೇಂಕ್ ದೋ, ನಯಾ ಲೇಲೋ" ಎಂದ. ಸುಜಾತನಿಗೆ ಫೋನ್ ಮಾಡಿದರೆ ಅವಳದೂ ಅದೇ ರಾಗ. "ಸೂಪರ್ ಮಾರ್ಕೆಟಿನಿಂದ ಒಂದು ಕಟ್ಟು ತಂದು ಆ ಕುಂಡದಲ್ಲೇ ಊರಿಬಿಡಿ. ಪುದೀನಕ್ಕೆಂತ ಮುಖ ಉಂಟಾ, ಜೊಹರಾಕ್ಕನಿಗೆ ಗುರುತು ಸಿಗಲಿಕ್ಕೆ?"

ನನಗೆ ಸಿಟ್ಟು ಬಂತು. ಈ ಊರಿನಲ್ಲಿ ಎಲ್ಲದಕ್ಕೂ ಇದೊಂದೇ ಮದ್ದು: ಎಸೆ, ಹೊಸದು ತಾ. ಮಿಕ್ಸಿ ಕೆಟ್ಟರೆ ಹೊಸದು, ಸೋಫಾ ಕುಸಿದರೆ ಹೊಸದು. ವೀಸಾ ಮುಗಿಯುತ್ತ ಬಂದಾಗಲೆಲ್ಲ ಮ್ಯಾನೇಜರು ನನ್ನನ್ನೂ ಹಾಗೇ ನೋಡುತ್ತಾನೆ ಎಂಬ ಗುಮಾನಿ ನನಗಿದೆ. ಒಬ್ಬ ತಾಯಿ ಕೊಟ್ಟ ಗಿಡವನ್ನು ಕಸದ ಡಬ್ಬಕ್ಕೆ ಹಾಕಿ, ಯಾವುದೋ ಕಟ್ಟನ್ನು ಅದರ ಹೆಸರಿನಲ್ಲಿ ನಿಲ್ಲಿಸಲು ನಾನು ತಯಾರಿರಲಿಲ್ಲ. ಕಣ್ಣಿಗೆ ಕಾಣದ ನುಸಿಗೆ ಹೆದರಿ ಓಡುವ ಆಸಾಮಿ ಈ ಶೆಟ್ಟಿ ಅಲ್ಲ ಎಂದು ಪುದೀನದ ಮುಂದೆ ಗಟ್ಟಿಯಾಗಿಯೇ ಹೇಳಿದೆ.

ಯುದ್ಧ ಶುರುವಾಯಿತು. ತಿನ್ನುವ ಸೊಪ್ಪಾದ್ದರಿಂದ ವಿಷ ಹೊಡೆಯುವಂತಿಲ್ಲ. ಕುಂಡವನ್ನು ನಮ್ಮ ಬಚ್ಚಲಿಗೆ ತಂದು, ಎಲೆಗಳ ಅಡಿಭಾಗಕ್ಕೆ ಶವರಿನ ನೀರು ಬಿಟ್ಟೆ. ಸೋಪಿನ ನೀರು ಬಳಿದೆ. ಬೇವಿನ ಎಣ್ಣೆಗೆಂದು ಬರ್ ದುಬೈಗೆ ಹೋದೆ. ಅಂಗಡಿಯವರು ನಮ್ಮ ಕಡೆಯವರೇ. "ಹೇನಿಗಾ?" ಎಂದು ಕೇಳಿ, ನನ್ನ ಬೋಳು ತಲೆಯನ್ನು ಕಣ್ಣಲ್ಲೇ ಒಂದು ಸುತ್ತು ಹುಡುಕಿದರು. ಪುದೀನಕ್ಕೆ ಎಂದೆ. ಅವರು ಇನ್ನೇನೂ ಕೇಳದೆ ಬಾಟಲಿ ಕೊಟ್ಟರು. ನಾಲ್ಕು ದಿನಕ್ಕೊಮ್ಮೆ ಸಿಂಪಡಿಸಿದೆ. ಆಫೀಸಿನಲ್ಲಿ ಪಕ್ಕದ ಮೇಜಿನವನು ನನ್ನ ವಾಸನೆ ತಾಳಲಾರದೆ ಕುರ್ಚಿ ಸರಿಸಿಕೊಂಡ. ಮಧ್ಯೆ ಮಧ್ಯೆ ಈ ಪೀಡೆ ತಂದವರನ್ನೂ ಬಯ್ಯುತ್ತಿದ್ದೆ: ಕುಂಡಕ್ಕೆ ಮಣ್ಣು ಮಾರಿದವನು, ಎಸಿಯ ಒಣ ಗಾಳಿ, ಕೆಳಗಿನ ಮನೆಯವರ ಒಣಗಿದ ಮಲ್ಲಿಗೆ. ಬೆಳಗಿನ ಒರೆಸುವ ಸೇವೆಯನ್ನಂತೂ ಒಂದು ದಿನವೂ ತಪ್ಪಿಸಲಿಲ್ಲ. ಇಷ್ಟಾದರೂ ನುಸಿ ಮಾತ್ರ ಪ್ರತಿ ವಾರ ಹೊಸ ಸೈನ್ಯದೊಂದಿಗೆ ಹಾಜರಾಗುತ್ತಿತ್ತು.

ಒಂದು ಸಂಜೆ ವಿಡಿಯೋ ಕಾಲಿನಲ್ಲಿ ಸುಜಾತ, "ನಮ್ಮ ತುಳಸಿ ಹೇಗುಂಟು, ತೋರಿಸಿ" ಎಂದಳು. ತೋರಿಸಿದೆ. ಧೂಳು ಎಷ್ಟು ಒರೆಸಿದರೂ ಹೋಗುವುದಿಲ್ಲ ಎಂದೂ ಹೇಳಿದೆ.

"ಧೂಳಾ? ಅದು ನುಸಿ ಅಲ್ವಾ? ನಾನು ಹೊರಡುವ ಮೊದಲೇ ಇತ್ತಲ್ಲ. ಪ್ಯಾಕಿಂಗ್ ಮಾಡುವಾಗ ನಿಮಗೆ ಎರಡು ಸಲ ಹೇಳಿದ್ದೇನೆ." ಮತ್ತೆ ಕೇಳಿದಳು, "ಯಾವುದರಲ್ಲಿ ಒರೆಸುವುದು ನೀವು?"

ನಾನು ಬಟ್ಟೆ ತೋರಿಸಿದೆ.

"ಅದರಲ್ಲೇ ಆ ಪುದೀನವನ್ನೂ ಒರೆಸಿದಿರಾ?"

ನಾನು ನೆಟ್‌ವರ್ಕ್ ಸರಿಯಿಲ್ಲ ಎಂದೆ. ಇಡೀ ದುಬೈಯಲ್ಲಿ ಅಂದು ನೆಟ್‌ವರ್ಕ್ ಅತ್ಯುತ್ತಮವಾಗಿತ್ತು. ಸರಕು ಸಾಗಣೆಯೇ ನನ್ನ ವೃತ್ತಿ ಎಂಬುದು ನಿಜ. ಆದರೆ ನುಸಿಯನ್ನು ದಿನಾ ಬೆಳಿಗ್ಗೆ ಒಂದು ಮನೆಯಿಂದ ಇನ್ನೊಂದು ಮನೆಗೆ ಮುಟ್ಟಿಸಲು ನನಗೆ ಯಾರೂ ಸಂಬಳ ಕೊಟ್ಟಿರಲಿಲ್ಲ. ನಾಚಿಕೆಯಾಯಿತು. ಆದರೆ ಸೋತೆ ಎಂದು ಕೂರಲಿಲ್ಲ. ಬಟ್ಟೆಯನ್ನು ಎಸೆದೆ, ತುಳಸಿಗೂ ಬೇವಿನೆಣ್ಣೆಯ ಸ್ನಾನ ಮಾಡಿಸಿ ಬೇರೆ ಕೋಣೆಯಲ್ಲಿಟ್ಟೆ. ಮರುದಿನ ಕೈಕಾಲು ತೊಳೆದು ಕತ್ತರಿ ಹಿಡಿದು ಪುದೀನವನ್ನು ಮಣ್ಣಿನ ಮಟ್ಟಕ್ಕೆ ಕತ್ತರಿಸಿಬಿಟ್ಟೆ. ಬೇರು ಬದುಕಿದ್ದರೆ ಬರುತ್ತದೆ ಎಂಬ ಒಂದೇ ಧೈರ್ಯ. ಹನ್ನೊಂದು ದಿನ ಬರೀ ಮಣ್ಣಿಗೆ ನೀರು ಹಾಕಿದೆ. ಹನ್ನೆರಡನೆಯ ದಿನ ಸಾಸಿವೆಯಷ್ಟು ಹಸಿರು ಕಂಡಾಗ, ಆಫೀಸಿಗೆ ತಡವಾಗುತ್ತದೆ ಎಂದು ಗೊತ್ತಿದ್ದೂ, ಕುರ್ಚಿ ಎಳೆದುಕೊಂಡು ಅದರ ಮುಂದೆ ಕೂತುಬಿಟ್ಟೆ.

ಆಗಸ್ಟ್ ಕೊನೆಗೆ, ಕುಂಡವನ್ನು ನಾನು ಅವರ ಕಿಟಕಿಯ ಬಳಿ ಮತ್ತೆ ಇಟ್ಟಾದ ಮೇಲೆ, ಜೊಹರಾಕ್ಕ ಬಂದರು. ಬುರ್ಖಾ ಕಳಚುವ ಮೊದಲೇ ಅಡುಗೆಮನೆಗೆ ನಡೆದರು. ನಾನು ಕೀ ಹಿಡಿದುಕೊಂಡು ಹಿಂದೆಯೇ ಹೋದೆ.

"ಇದೆಂತ ಶೆಟ್ರೆ, ತಲೆ ಬೋಳಿಸಿದ್ದೀರಾ ಇದಕ್ಕೆ?"

ಮಣ್ಣು ಮಾರಿದವನ ಮೇಲೆ ಹಾಕಲು ಒಂದು ಒಳ್ಳೆಯ ಕಥೆ ನನ್ನಲ್ಲಿ ತಯಾರಿತ್ತು. ಅದು ಬಾಯಿಗೆ ಬರಲಿಲ್ಲ. ತುಳಸಿಯಿಂದ ಹಿಡಿದು ಕತ್ತರಿಯವರೆಗೆ ಎಲ್ಲ ಹೇಳಿಬಿಟ್ಟೆ. ಜೊಹರಾಕ್ಕ ಬೆರಳುದ್ದದ ಚಿಗುರಿನಿಂದ ಒಂದೆಲೆ ಚಿವುಟಿ, ಅಂಗೈಯಲ್ಲಿ ಹೊಸಕಿ, ಕಣ್ಣು ಮುಚ್ಚಿ ಮೂಸಿದರು.

"ಉಮ್ಮನದ್ದೇ" ಎಂದರು.

ನಾನು ಕೀ ನೀಡಿದೆ. ಅವರು ತೆಗೆದುಕೊಳ್ಳಲಿಲ್ಲ. "ನಿಮ್ಮಲ್ಲೇ ಇರಲಿ. ಬರುವ ವರ್ಷ ನೀರು ಮಾತ್ರ ಹಾಕಿ ಶೆಟ್ರೆ, ಒರೆಸಲಿಕ್ಕೆಲ್ಲ ಹೋಗಬೇಡಿ."

ಆಯಿತು ಎಂದೆ. ಆದರೆ ಒಪ್ಪಿದ್ದು ನನ್ನ ಬಾಯಿ ಮಾತ್ರ. ಎಲೆಯ ಮೇಲೆ ಅಷ್ಟು ಧೂಳು ಕಾಣುತ್ತಿರುವಾಗ ಕೈಕಟ್ಟಿ ನಿಲ್ಲುವುದು ನನ್ನಿಂದ ಆಗದ ಮಾತು. ಒಂದೊಂದು ಗಿಡಕ್ಕೂ ಒಂದೊಂದು ಬಟ್ಟೆ ಇಟ್ಟುಕೊಂಡರಾಯಿತು.