ಗುಬ್ಬಿ ಹೋಗಿ ಹುಳ ಬಂತು

ನಾನು ಓದಿದ್ದು ಐದನೇ ಕ್ಲಾಸು. ಆದರೂ ಅರಸೀಕೆರೆಯ ನಮ್ಮ ಚರ್ಚಿನಲ್ಲಿ ಭಾನುವಾರ ಬೈಬಲ್ ಓದುವವನು ನಾನೇ. ಗಂಟಲು ದೊಡ್ಡದು, ಅಷ್ಟೇ ಕಾರಣ. ಇಷ್ಟಕ್ಕೇ ಇಡೀ ಗ್ರಂಥ ನನ್ನ ಅಂಗೈಯಲ್ಲಿದೆ ಎಂದು ನಂಬಿಕೊಂಡಿದ್ದೆ.

ತಂಗಿ ಮಾರ್ತಾ ಜಾವಗಲ್‌ನಲ್ಲಿ ಹೊಸ ಮನೆ ಕಟ್ಟಿಸಿದಳು. ನಮ್ಮವರ ಮನೆ ಎಂದ ಮೇಲೆ ಬಾಗಿಲ ಮೇಲೊಂದು ವಾಕ್ಯ ಬೇಕಲ್ಲ.

“ಅಣ್ಣ, ಗುಬ್ಬಿ ವಾಕ್ಯ ಕಲ್ಲಲ್ಲಿ ಕೆತ್ತಿಸ್ಕೊಡು,” ಎಂದಳು. “ಹೆದರಬೇಡಿ, ನೀವು ಎಷ್ಟೋ ಗುಬ್ಬಿಗಳಿಗಿಂತ ಹೆಚ್ಚಿನೋರು ಅಂತ ಐತಲ್ಲ, ಅದು. ನಮ್ಮ ಯಜಮಾನ್ರು ದಿನಾ ಓದ್ಲಿ. ತಾನು ಯಾತಕ್ಕೂ ಬಾರದೋನು ಅಂತ್ಲೇ ಅವರ ತಲೇಲಿ ಕೂತ್ಬಿಟ್ಟೈತೆ.”

ಅವಳ ಗಂಡ ಯಾಕೋಬ ತೆಂಗಿನಕಾಯಿ ಸುಲಿಯುವ ಕೆಲಸದವನು.

“ಬೈಬಲ್ ನನಗೇ ಹೇಳ್ಕೊಡ್ತೀಯೇನೇ?” ಎಂದು ನಕ್ಕು, ಕಲ್ಲು ಕೆತ್ತಿಸಲು ಹಳೇಬೀಡಿನ ಬಸ್ಸು ಹತ್ತಿದೆ.

ಬಸ್ಸಿನಲ್ಲಿ ಎಷ್ಟು ಹುಡುಕಿದರೂ ಗುಬ್ಬಿ ಸಿಗಲೇ ಇಲ್ಲ! ಒಂದು ಕಡೆ ಮನುಷ್ಯ ಒಣಗುವ ಹುಲ್ಲು. ಇನ್ನೊಂದು ಕಡೆ ದೇವದೂತರಿಗಿಂತ ಸ್ವಲ್ಪವೇ ಕಡಿಮೆ. ಮತ್ತೊಂದು ಕಡೆ ಬರೀ ಧೂಳು. ದೇವರೇ, ಒಂದು ಬೆಲೆ ಹೇಳಬಾರದೇ? ಅಷ್ಟರಲ್ಲಿ ‘ಯಾಕೋಬೇ, ಭಯಪಡಬೇಡ’ ಎಂಬುದು ಕಣ್ಣಿಗೆ ಬಿತ್ತು. ತಂಗಿ ಗಂಡನ ಹೆಸರೇ! ಇನ್ನು ಗುಬ್ಬಿ ಯಾರಿಗೆ ಬೇಕು? ಹೆಸರಿಗೆ ಮೊದಲು ಇನ್ನೊಂದು ಪದವಿತ್ತು ನಿಜ. ಕನ್ನಡಕ ಮನೆಯಲ್ಲಿತ್ತು, ಬಸ್ಸು ಕುಣಿಯುತ್ತಿತ್ತು. ದೇವರು ಕೊಟ್ಟ ಬಿರುದೇನೋ ಇರಬೇಕು ಎಂದುಕೊಂಡು, ಆ ಸಾಲಿಗೆ ಗುರುತು ಹಾಕಿ, ಕಲ್ಲು ಕೆತ್ತುವವನ ಕೈಗೆ ಬೈಬಲ್ಲನ್ನೇ ಕೊಟ್ಟು ಬಂದೆ.

ಸಂಜೆ ಅವನ ಫೋನು. “ಸಾರ್, ಶುರುವಿನ ಪದ ಒಂಥರಾ ಐತೆ. ಬಿಟ್ಬಿಡ್ಲಾ?”

“ದೇವರ ಮಾತಲ್ಲಿ ಅಕ್ಷರ ಬಿಟ್ರೆ ಶಾಪ ತಟ್ಟುತ್ತೆ ಕಣಯ್ಯಾ! ಇದ್ದಂಗೇ ಕೆತ್ತು. ಆ ಪದಾನ ಇನ್ನೂ ದಪ್ಪಕ್ಕೆ ಕೆತ್ತು!”

ದಪ್ಪಕ್ಕೇ ಕೆತ್ತಿದ. ತಾನೇ ಜಾವಗಲ್‌ಗೆ ತಂದು ಬಾಗಿಲ ಮೇಲೆ ಕೂರಿಸಿದ. ಮೊದಲೇ ಯಾರೂ ನೋಡಬಾರದೆಂದು ಬಟ್ಟೆ ಮುಚ್ಚಿಸಿದ ಬುದ್ಧಿವಂತ ನಾನೇ.

ಗೃಹಪ್ರವೇಶದ ಪ್ರಾರ್ಥನೆಗೆ ನೆಂಟರು, ನೆರೆಯವರು ಎಲ್ಲ ಸೇರಿದ್ದರು. ಪಾದ್ರಿಗಳು ಬಟ್ಟೆ ಎಳೆದು ಗಟ್ಟಿಯಾಗಿ ಓದಿದರು: “ಹುಳುವಾದ ಯಾಕೋಬೇ, ಭಯಪಡಬೇಡ.”

ಯಾಕೋಬನ ಜೊತೆ ಕಾಯಿ ಸುಲಿಯುವವನೊಬ್ಬ, “ಏನ್ಲಾ ಹುಳ, ಒಳೀಕೆ ತೆವಳ್ಕೊಂಡು ಹೋಗ್ತೀಯೇನ್ಲಾ?” ಎಂದ. ಗೊಳ್ಳೆಂದು ನಗು!

ಅಲ್ಲಿಗೆ ನಾನು ಬಾಯಿ ಮುಚ್ಚಿಕೊಂಡಿರಬೇಕಿತ್ತು. ಮುಚ್ಚಿದರೆ ನಾನೆಂಥ ವಿದ್ವಾಂಸ? ಎದ್ದು ನಿಂತು ವ್ಯಾಖ್ಯಾನಕ್ಕೆ ತೊಡಗಿದೆ. “ಪ್ರಿಯರೇ, ಬೈಬಲ್‌ನಲ್ಲಿ ಮನುಷ್ಯ ಒಂದು ಕಡೆ ಹುಳ, ಒಂದು ಕಡೆ ಗುಬ್ಬಿಗಿಂತ ಮೇಲು. ಎರಡೂ ಸತ್ಯ! ಅಂದರೆ ನಮ್ಮ ಯಾಕೋಬ ಸೋಮವಾರದಿಂದ ಶನಿವಾರದವರೆಗೆ ಹುಳ, ಭಾನುವಾರ…”

ಭಾನುವಾರ ಏನೆಂದು ಹೇಳಲು ಅವರ ನಗು ಬಿಡಲಿಲ್ಲ. ಯಾಕೋಬ ತನ್ನದೇ ಮನೆಯ ಹೊಸಿಲು ದಾಟದೆ, ತಲೆ ತಗ್ಗಿಸಿ ನಿಂತಿದ್ದ.

“ಸುಮ್ನಿರಣ್ಣ, ಸಾಕು,” ಎಂದಳು ಮಾರ್ತಾ. ಅವಳ ಕಣ್ಣು ತುಂಬಿತ್ತು. “ಸಂಬಂಧ ಬಂದಾಗ ನೀನೇ, ‘ಈ ಹುಳಕ್ಕೆ ನನ್ನ ತಂಗೀನ ಕೊಡ್ಬೇಕಾ’ ಅಂದಿದ್ದೆ, ಇವರ ಎದುರಿಗೇ. ಆಗ ಬಾಯಲ್ಲಿ ಅಂದೆ. ಈಗ ಕಲ್ಲಲ್ಲಿ ಕೆತ್ತಿಸಿದ್ದೀಯ.”

ಬೇಕೆಂದು ಮಾಡಲಿಲ್ಲ ಎಂದು ಆಣೆ ಇಡಲು ಹೊರಟೆ. ದೊಡ್ಡ ಗಂಟಲು ಕೈಕೊಟ್ಟಿತು. ಅಂದದ್ದು ನಿಜ. ಅಂದುಬಿಟ್ಟು ಮರೆತಿದ್ದು ಅದಕ್ಕಿಂತ ಕೆಟ್ಟದ್ದು.

ಪಾದ್ರಿಗಳು ಯಾಕೋಬನ ಹೆಗಲ ಮೇಲೆ ಕೈಯಿಟ್ಟರು. “ನೋಡಪ್ಪ, ಗುಬ್ಬಿ ವಾಕ್ಯಕ್ಕೂ ಇದಕ್ಕೂ ಜಗಳ ಇಲ್ಲ. ತುಳಿಸ್ಕೊಂಡು ತುಳಿಸ್ಕೊಂಡು ತಾನು ಹುಳಾನೇ ಅಂದ್ಕೊಂಡೋನ್ನ ದೇವರು ಹೆಸರು ಹಿಡಿದು ಕರೀತಾನೆ. ಹುಳ ಅಂದಿದ್ದು ಜನ. ಹೆದರಬೇಡ ಅಂದಿದ್ದು ದೇವರು.”

ಆ ಜನ ಯಾರೆಂದು ಪಾದ್ರಿಗಳು ಹೇಳಲಿಲ್ಲ. ಹೇಳಬೇಕಾಗಿಯೂ ಇರಲಿಲ್ಲ. ಅಷ್ಟೂ ತಲೆಗಳು ನನ್ನ ಕಡೆ ತಿರುಗಿದ್ದವು!

ಹೊಸ ಕಲ್ಲು ಹಾಕಿಸುತ್ತೇನೆಂದು ಬೇಡಿಕೊಂಡೆ. “ಇರ್ಲಿ ಬಿಡಿ ಭಾವ, ನನಗೆ ಹೇಳಿದ್ದೇ ಅಲ್ವಾ,” ಎಂದು ಯಾಕೋಬ ಒಳಗೆ ಹೋದ, ನನ್ನ ಮುಖ ನೋಡದೆ.

ಈಗ ತಂಗಿಯ ಮನೆಗೆ ಹೋದಾಗಲೆಲ್ಲ ಆ ಕಲ್ಲಿನ ಕೆಳಗೆ ಹುಳದಂತೆಯೇ ಒಳಗೆ ಸರಿಯುತ್ತೇನೆ. ಭಯಪಡಬೇಡ ಎಂದು ಮಾತ್ರ ನನಗೆ ಯಾರೂ ಹೇಳಿಲ್ಲ!